ಫುಟ್‌ಬಾಲ್ ಹುಡುಗಿಯರ ಮಂಡಿ ಮತ್ತು ಹದಿನೈದು ನಿಮಿಷದ ವಾರ್ಮ್‌ಅಪ್

ಲಂಡನ್ನಿನ ಆರ್ಸೆನಲ್ ಮಹಿಳಾ ತಂಡ 2022-23ರ ಸೀಸನ್ನನ್ನು ಅಷ್ಟು ಸುಲಭವಾಗಿ ಮರೆಯಲಾರದು. ನವೆಂಬರ್‌ನಲ್ಲಿ ಬೆತ್ ಮೀಡ್ ಮಂಡಿ ಹೋಯಿತು. ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ವಿವಿಯಾನೆ ಮಿಡೆಮಾ ಸರದಿ. ಏಪ್ರಿಲ್‌ನಲ್ಲಿ ಇಂಗ್ಲೆಂಡ್ ನಾಯಕಿ ಲಿಯಾ ವಿಲಿಯಮ್ಸನ್. ಮೇ ತಿಂಗಳ ಮೊದಲ ದಿನ ಆಸ್ಟ್ರಿಯಾದ ಲಾರಾ ವೀನ್‌ರೋಯ್ಟರ್. ಆರು ತಿಂಗಳೊಳಗೆ ಒಂದೇ ತಂಡದ ನಾಲ್ವರಿಗೆ ಒಂದೇ ಪೆಟ್ಟು. ನಾಲ್ವರದ್ದೂ ಎಸಿಎಲ್, ಅಂದರೆ ಮಂಡಿಯೊಳಗಿನ ಒಂದು ಗಟ್ಟಿ ನಾರಿನ ಪಟ್ಟಿ, ಹರಿದಿತ್ತು. ಮೀಡ್, ಮಿಡೆಮಾ, ವಿಲಿಯಮ್ಸನ್ ಮೂವರೂ 2023ರ ವಿಶ್ವಕಪ್ ಅನ್ನು ಮನೆಯಲ್ಲಿ ಕೂತು ನೋಡಬೇಕಾಯಿತು.

ಇದು ಆರ್ಸೆನಲ್ ಕಥೆ ಮಾತ್ರ ಆಗಿದ್ದರೆ ಅವರ ಗ್ರಹಚಾರ ಅನ್ನಬಹುದಿತ್ತು. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದಿದ್ದ ಸ್ಪೇನಿನ ಅಲೆಕ್ಸಿಯಾ ಪುತೆಯಾಸ್ 2022ರಲ್ಲಿ ಯುರೋಪಿನ ದೇಶಗಳ ಟೂರ್ನಿ ಯೂರೋ ಶುರುವಾಗುವ ಹೊತ್ತಿಗೆ ಸರಿಯಾಗಿ ಮಂಡಿ ಕಳೆದುಕೊಂಡರು. ಅದೇ ಟೂರ್ನಿಯಲ್ಲಿ ಫ್ರಾನ್ಸಿನ ಮರಿ ಆಂಟೊನೆಟ್ ಕಟೊಟೊ. ಅಮೆರಿಕದ ಕಟರಿನಾ ಮಕಾರಿಯೊ ಹೆಚ್ಚುಕಡಿಮೆ ಎರಡು ವರ್ಷ ಆಟದಿಂದ ಹೊರಗಿದ್ದರು. 2024ರ ಜನವರಿಯಲ್ಲಿ ಲಂಡನ್ನಿನ ಇನ್ನೊಂದು ಕ್ಲಬ್ ಚೆಲ್ಸಿಯ ತರಬೇತಿ ಶಿಬಿರದಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಕರ್. ದೊಡ್ಡ ಹೆಸರುಗಳಾದ್ದರಿಂದ ಇವು ಸುದ್ದಿಯಾದವು. ಹದಿನಾಲ್ಕು, ಹದಿನೈದರ ಹುಡುಗಿಯರ ಮಂಡಿ ಹರಿದರೆ ಯಾರೂ ಬರೆಯುವುದಿಲ್ಲ. ಹಲವರು ಸುಮ್ನೆ ಆಟ ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಆದ ಮೇಲೆ "ಯಾಕೆ ಹೀಗಾಗುತ್ತಿದೆ, ಸಂಶೋಧನೆ ಆಗಬೇಕು" ಅನ್ನುವ ಮಾತು ಎಲ್ಲ ಕಡೆ ಕೇಳಿಸಿತು. ಆಗಲಿ, ಬೇಡ ಅನ್ನುವವರು ಯಾರು? ಆದರೆ ಈ ಕೂಗಿನಲ್ಲಿ ಒಂದು ವಿಷಯ ಮುಚ್ಚಿಹೋಗುತ್ತದೆ. ಹುಡುಗಿಯರ ಮಂಡಿ ಉಳಿಸಲು ಏನು ಮಾಡಬೇಕು ಎಂಬುದು ಹೆಚ್ಚುಕಡಿಮೆ ಇಪ್ಪತ್ತು ವರ್ಷದಿಂದ ಗೊತ್ತಿದೆ. ದುಬಾರಿ ಯಂತ್ರ ಬೇಡ, ಜಿಮ್ ಕೂಡ ಬೇಡ. ಗೊತ್ತಿದ್ದೂ ಅದು ಯಾಕೆ ನಡೆಯುತ್ತಿಲ್ಲ ಅನ್ನುವುದೇ ನನಗೆ ಹೆಚ್ಚು ಕುತೂಹಲದ ಪ್ರಶ್ನೆ.

ಮೊದಲು ಮಂಡಿಯೊಳಗೆ ಏನಾಗುತ್ತದೆ ನೋಡೋಣ. ತೊಡೆಮೂಳೆಯನ್ನೂ ಅದರ ಕೆಳಗಿನ ಕಾಲಿನ ಮೂಳೆಯನ್ನೂ ಹಿಡಿದಿಡುವ ಈ ನಾರಿನ ಪಟ್ಟಿಗಳು, ಅಂದರೆ ಲಿಗಮೆಂಟ್‌ಗಳು, ಮಂಡಿಯಲ್ಲಿ ಮುಖ್ಯವಾಗಿ ನಾಲ್ಕು. ಅದರಲ್ಲಿ ಮಧ್ಯದಲ್ಲಿ ಓರೆಯಾಗಿ ಹಾದುಹೋಗುವ ಒಂದು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಮಂಡಿ ತಿರುಚಿಕೊಳ್ಳದ ಹಾಗೆ ತಡೆಯುವುದು ಅದರ ಕೆಲಸ. ಎದುರಾಳಿ ಒದ್ದದ್ದರಿಂದಲೇ ಇದು ಹರಿಯುತ್ತದೆ ಎಂದು ಅನೇಕರು ಅಂದುಕೊಂಡಿದ್ದಾರೆ. ವಿಡಿಯೋಗಳನ್ನು ಕೂತು ನೋಡಿದವರಿಗೆ ಕಂಡದ್ದು ಬೇರೆ. ಬಹಳಷ್ಟು ಸಲ ಮಂಡಿಗೆ ಯಾರೂ ತಾಗಿರುವುದಿಲ್ಲ. ಚೆಂಡು ಎದುರಾಳಿಯ ಕಾಲಲ್ಲಿದೆ, ಇವಳು ಅದನ್ನು ಕಸಿಯಲು ಓಡುತ್ತಾಳೆ. ಎದುರಾಳಿ ದಿಕ್ಕು ಬದಲಿಸುತ್ತಾಳೆ. ಇವಳು ಒಮ್ಮೆಲೇ ನಿಂತು, ಒಂದು ಕಾಲೂರಿ ತಿರುಗಲು ನೋಡುತ್ತಾಳೆ. ಪಾದ ನೆಲಕ್ಕೆ ಅಂಟಿಕೊಂಡಿದೆ, ಕಾಲು ಹೆಚ್ಚು ಮಡಿಚಿಲ್ಲ, ಮೈ ಒಂದು ಕಡೆ ವಾಲಿದೆ. ಮಂಡಿ ಒಳಮುಖವಾಗಿ ಕುಸಿಯುತ್ತದೆ. ಇಲ್ಲವೇ ತಲೆಯಿಂದ ಚೆಂಡು ಹೊಡೆದು ಒಂದೇ ಕಾಲ ಮೇಲೆ ಇಳಿಯುವಾಗ ಇದೇ ಆಗುತ್ತದೆ.

ಇದೆಲ್ಲ ಆಗಲು ಎಷ್ಟು ಹೊತ್ತು? ಪಾದ ನೆಲ ಮುಟ್ಟಿದ ಮೇಲೆ ಸುಮಾರು 40ರಿಂದ 50 ಮಿಲಿಸೆಕೆಂಡ್. ಅಷ್ಟರಲ್ಲಿ ಮಿದುಳಿಗೆ ಸುದ್ದಿ ಮುಟ್ಟಿ, ಅದು ಸ್ನಾಯುಗಳಿಗೆ ಅಪ್ಪಣೆ ಕೊಟ್ಟು ಮಂಡಿ ಕಾಯುವುದು ಸಾಧ್ಯವೇ ಇಲ್ಲ. ಪಾದ ನೆಲ ಮುಟ್ಟುವ ಮೊದಲೇ ಸೊಂಟ, ತೊಡೆ, ಮೀನಖಂಡ ಎಲ್ಲ ಬಿಗಿಯಾಗಿ ತಯಾರಾಗಿರಬೇಕು. ಯೋಚಿಸಿ ಮಾಡುವ ಕೆಲಸ ಇದಲ್ಲ, ಮೈಗೆ ರೂಢಿಯಾಗಬೇಕು. ಗಾಯ ತಡೆಯುವ ತರಬೇತಿ ಅಂದರೆ ಈ ರೂಢಿ ಹಾಕುವುದು, ಅಷ್ಟೇ. ಒಂಟಿ ಕಾಲಲ್ಲಿ ಕೂತು ಏಳುವುದು, ಹಾರಿ ಮೆತ್ತಗೆ ಇಳಿಯುವುದು, ಇಳಿಯುವಾಗ ಮಂಡಿ ಪಾದದ ಬೆರಳುಗಳ ನೇರಕ್ಕೆ ಇರುವಂತೆ ನೋಡಿಕೊಳ್ಳುವುದು, ತೊಡೆಯ ಹಿಂಭಾಗದ ಸ್ನಾಯು ಗಟ್ಟಿ ಮಾಡಿಕೊಳ್ಳುವುದು.

ಹೆಣ್ಣುಮಕ್ಕಳಿಗೆ ಈ ಪೆಟ್ಟು ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಕಾರಣ ಕೇಳಿದರೆ ಎಲ್ಲರೂ ಮೊದಲು ಬೊಟ್ಟು ಮಾಡುವುದು ಮೈಕಟ್ಟಿನ ಕಡೆಗೆ. ಅಗಲ ಸೊಂಟ, ಸಡಿಲ ಕೀಲು, ಮುಟ್ಟಿನ ಹಾರ್ಮೋನು. ಇದರಲ್ಲಿ ಹುರುಳಿಲ್ಲ ಅಂತಲ್ಲ. ಹನ್ನೆರಡು, ಹದಿಮೂರರ ಹೊತ್ತಿಗೆ ಹುಡುಗಿಯ ಕೈಕಾಲು ಸರಸರ ಉದ್ದವಾಗುತ್ತವೆ, ಆದರೆ ಅದೇ ವೇಗದಲ್ಲಿ ಸ್ನಾಯು ಬಲ ಏರುವುದಿಲ್ಲ. ಹುಡುಗರಿಗೆ ಬೆಳೆಯುವ ವಯಸ್ಸಿನಲ್ಲಿ ಉದ್ದದ ಜೊತೆಗೆ ಬಲವೂ ಏರುತ್ತದೆ. ಹುಡುಗಿಯರ ಎಸಿಎಲ್ ಲೆಕ್ಕ ಮೇಲೇರತೊಡಗುವುದೂ ಸುಮಾರು ಇದೇ ವಯಸ್ಸಿನಿಂದ.

ಆದರೆ ಸೊಂಟದ ಅಗಲವನ್ನು ಕೋಚ್ ಬದಲಾಯಿಸಲಾರ. ಬದಲಾಯಿಸಬಹುದಾದದ್ದು ಏನೇನಿದೆ? ಹುಡುಗರಿಗೆ ಹದಿನಾಲ್ಕಕ್ಕೇ ವೇಟ್ಸ್ ಎತ್ತುವುದು ಕಲಿಸುತ್ತಾರೆ, ಹುಡುಗಿಯರಿಗೆ ಜಿಮ್ ಬಾಗಿಲು ತೆರೆಯುವುದೇ ತಡವಾಗಿ. ಒಳ್ಳೆಯ ಗ್ರೌಂಡ್ ಮೊದಲು ಹುಡುಗರ ತಂಡಕ್ಕೆ. ಫಿಸಿಯೋ ಕೂಡ ಅಷ್ಟೇ. ಜೋಆನ್ ಪಾರ್ಸನ್ಸ್, ಸ್ಟೆಫನಿ ಕೋಯನ್, ಶೆರಿ ಬೆಕ್ಕರ್ ಎಂಬ ಮೂವರು ಸಂಶೋಧಕಿಯರು 2021ರಲ್ಲಿ ಇದನ್ನೇ ನೇರವಾಗಿ ಕೇಳಿದರು. ಹೆಣ್ಣಿನ ದೇಹದಲ್ಲೇ ದೋಷ ಹುಡುಕುವುದನ್ನು ಬಿಟ್ಟು, ಅವಳು ಬೆಳೆದು ಆಡುವ ಸುತ್ತಮುತ್ತಲನ್ನು ನೋಡಿ ಎಂದರು. ನನಗೆ ಈ ಮಾತು ಸರಿ ಅನಿಸುತ್ತದೆ. ದೇಹದ ಮೇಲೆ ತಪ್ಪು ಹೊರಿಸಿದರೆ ಯಾರೂ ಖರ್ಚು ಮಾಡಬೇಕಿಲ್ಲ, ಅಲ್ವಾ?

ಇನ್ನು ಆ ಇಪ್ಪತ್ತು ವರ್ಷದ ಕಥೆ. ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ವೈದ್ಯಕೀಯ ವಿಭಾಗ ಮೊದಲು 'ದಿ ಇಲೆವೆನ್' ಎಂಬ ವ್ಯಾಯಾಮದ ಕಟ್ಟು ತಯಾರಿಸಿತು. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳ ಮೇಲೆ ಅದನ್ನು ಪರೀಕ್ಷಿಸಿದರು. ಫಲಿತಾಂಶ ಸೊನ್ನೆ. ವ್ಯಾಯಾಮ ಮಾಡಿದ ತಂಡಕ್ಕೂ ಮಾಡದ ತಂಡಕ್ಕೂ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಗೆದು ನೋಡಿದರೆ, ಮಾಡಬೇಕಾದ ತಂಡಗಳೇ ಸರಿಯಾಗಿ ಮಾಡಿರಲಿಲ್ಲ. ಒಂದೇ ಥರದ ವ್ಯಾಯಾಮ, ಹುಡುಗಿಯರಿಗೂ ಬೇಜಾರು, ಕೋಚ್‌ಗೂ ಬೇಜಾರು.

ಓಸ್ಲೋದ ಸಂಶೋಧಕರು ಕೈಚೆಲ್ಲಲಿಲ್ಲ. ಓಟ ಸೇರಿಸಿದರು, ಜೋಡಿಯಾಗಿ ಮಾಡುವ ಆಟಗಳನ್ನು ಸೇರಿಸಿದರು, ಕಷ್ಟದ ಮೂರು ಹಂತ ಮಾಡಿದರು. ಇದೇ 'ಇಲೆವೆನ್ ಪ್ಲಸ್'. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ. ಮೊದಲ ಎಂಟು ನಿಮಿಷ ನಿಧಾನ ಓಟ, ನಡುವೆ ಹತ್ತು ನಿಮಿಷ ಬಲ, ಹಾರಾಟ, ಸಮತೋಲನ, ಕೊನೆಗೆ ಎರಡು ನಿಮಿಷ ಜೋರು ಓಟ ಮತ್ತು ತಿರುವು. ಪಂದ್ಯದ ದಿನ ನಡುವಿನ ಭಾಗ ಬಿಟ್ಟು ಓಟದ ಎರಡು ಭಾಗ ಮಾಡಿದರೆ ಸಾಕು. 2008ರಲ್ಲಿ ಫಲಿತಾಂಶ ಬಂತು. 125 ಕ್ಲಬ್, 1892 ಹುಡುಗಿಯರು, ಎಂಟು ತಿಂಗಳ ಸೀಸನ್. ಒಟ್ಟು ಗಾಯಗಳು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆ, ಗಂಭೀರ ಗಾಯಗಳು ಅರ್ಧದ ಹತ್ತಿರ ಇಳಿದಿದ್ದವು. ಕಾಲಿನ ಗಾಯಗಳನ್ನು ಮಾತ್ರ ತೆಗೆದುಕೊಂಡರೆ ಇಳಿಕೆ ಕಂಡರೂ ಅದು ಆಕಸ್ಮಿಕ ಅಲ್ಲ ಎಂದು ಹೇಳುವಷ್ಟು ಖಚಿತವಾಗಿರಲಿಲ್ಲ. ಪ್ರಚಾರದ ಪೋಸ್ಟರ್‌ಗಳಲ್ಲಿ ಈ ಕೊನೆಯ ಸಾಲು ಕಾಣುವುದಿಲ್ಲ.

ಸ್ವೀಡನ್ ಇನ್ನೂ ಸರಳ ದಾರಿ ಹಿಡಿಯಿತು. 'ಕ್ನೇಕಂಟ್ರೋಲ್' ಎಂಬ ಅವರ ಕಾರ್ಯಕ್ರಮದಲ್ಲಿ ಇರುವುದು ಆರೇ ವ್ಯಾಯಾಮ. ಒಂಟಿ ಕಾಲಿನ ಸ್ಕ್ವಾಟ್, ಎರಡು ಕಾಲಿನ ಸ್ಕ್ವಾಟ್, ಸೊಂಟ ಎತ್ತುವುದು, ಮೊಣಕೈ ಊರಿ ಮೈ ನೇರ ಹಿಡಿಯುವ ಪ್ಲ್ಯಾಂಕ್, ಹೆಜ್ಜೆ ಮುಂದಿಟ್ಟು ಮಂಡಿ ಮಡಿಸುವ ಲಂಜ್, ಹಾರಿ ಇಳಿಯುವುದು. ಹದಿನೈದು ನಿಮಿಷ, ವಾರಕ್ಕೆ ಎರಡು ಸಲ. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 230 ಕ್ಲಬ್‌ಗಳ 12ರಿಂದ 17 ವರ್ಷದ 4564 ಹುಡುಗಿಯರಿದ್ದರು. ಎಸಿಎಲ್ ಗಾಯ 64% ಕಡಿಮೆ. ಈ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ.

ಅದರ ಹಿಂದಿನ ಲೆಕ್ಕ ಬಿಡಿಸಿ ನೋಡಿದರೆ ನಿಜವಾದ ತೊಡಕು ಕಾಣುತ್ತದೆ. ವ್ಯಾಯಾಮ ಮಾಡಿದ ಗುಂಪಿನಲ್ಲಿ ಎಸಿಎಲ್ ಹರಿದದ್ದು 7 ಮಂದಿಗೆ. ಮಾಡದ ಗುಂಪಿನಲ್ಲಿ 14. ಮಾಡದ ಗುಂಪಿನಲ್ಲಿದ್ದವರು 2085 ಹುಡುಗಿಯರು. ಅಂದರೆ ಒಂದು ಸೀಸನ್ನಿನಲ್ಲಿ ಸುಮಾರು 150 ಹುಡುಗಿಯರಿಗೆ ಒಬ್ಬಳು. ಹದಿನೆಂಟು ಜನರ ತಂಡ ನಡೆಸುವ ಕೋಚ್‌ಗೆ ಇಂಥ ಗಾಯ ಕಾಣುವುದು ಎಂಟು ಸೀಸನ್ನಿಗೆ ಒಮ್ಮೆ! ವ್ಯಾಯಾಮ ಮಾಡಿಸಿದರೆ ಇಪ್ಪತ್ತು ಸೀಸನ್ನಿಗೆ ಒಮ್ಮೆ ಕಾಣಬಹುದು. ಈ ವ್ಯತ್ಯಾಸ ಯಾವ ಕೋಚ್ ಕಣ್ಣಿಗೂ ಬೀಳುವುದಿಲ್ಲ. ಹದಿನೈದು ನಿಮಿಷ ಪಾಸಿಂಗ್ ಮಾಡಿಸಿದರೆ ಭಾನುವಾರದ ಪಂದ್ಯದಲ್ಲಿ ಕಾಣುತ್ತದೆ. ಹದಿನೈದು ನಿಮಿಷ ಸ್ಕ್ವಾಟ್ ಮಾಡಿಸಿದರೆ ಏನೂ ಆಗುವುದಿಲ್ಲ, ಏನೂ ಆಗದಿರುವುದೇ ಅದರ ಫಲ. ಕೋಚ್‌ಗಳು ಸೋಮಾರಿಗಳು ಎಂದು ಬೈಯುವವರು ಈ ಲೆಕ್ಕ ನೋಡಬೇಕು. ದೇಶದ ಮಟ್ಟದಲ್ಲಿ ನೂರಾರು ಮಂಡಿ ಉಳಿಯುತ್ತವೆ, ಒಂದು ಗ್ರೌಂಡಿನಲ್ಲಿ ನಿಂತವನಿಗೆ ಒಂದೂ ಕಾಣುವುದಿಲ್ಲ.

ಹಾಗಾಗಿ ಆಗುವುದೇನು? ಕೋರ್ಸಿಗೆ ಹೋಗಿ ಕಲಿತು ಬಂದ ಕೋಚ್ ಮೊದಲ ತಿಂಗಳು ಪೂರ್ತಿ ಮಾಡಿಸುತ್ತಾನೆ. ಆಮೇಲೆ ಆರರಲ್ಲಿ ನಾಲ್ಕು. ಮಳೆ ಬಂದರೆ ಅದೂ ಇಲ್ಲ. ಟೂರ್ನಿ ಹತ್ತಿರ ಬಂದರೆ "ಈಗ ಟೈಮಿಲ್ಲ". ಡಾಕ್ಟರ್ ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಜ್ವರ ಇಳಿದ ಕೂಡಲೇ ನಿಲ್ಲಿಸುವ ಹಾಗೆ. ಸ್ವೀಡನ್ ಇದನ್ನು ದೇಶಕ್ಕೆಲ್ಲ ಹಂಚಿತು, ಹೆಚ್ಚಿನ ಕೋಚ್‌ಗಳಿಗೆ ಅದರ ಹೆಸರು ಗೊತ್ತು, ಬಳಸುವವರೂ ಬಹಳ. ಆದರೆ ಹೇಳಿಕೊಟ್ಟ ಹಾಗೇ ಮಾಡಿಸುವವರು ಕಡಿಮೆ. ವಿಮೆ ಲೆಕ್ಕಗಳಲ್ಲಿ ಮಂಡಿ ಗಾಯ ಇಳಿದದ್ದು ಕಾಣುತ್ತದೆ, ಆದರೆ ಪರೀಕ್ಷೆಯಲ್ಲಿ ಕಂಡ 64%ರ ಹತ್ತಿರಕ್ಕೂ ಅದು ಬರಲಿಲ್ಲ. ಅದೇ ಪರೀಕ್ಷೆಯೊಳಗೂ ಹೆಚ್ಚು ನಿಯಮಿತವಾಗಿ ಮಾಡಿದವರಿಗೇ ಹೆಚ್ಚು ರಕ್ಷಣೆ ಸಿಕ್ಕಿತ್ತು.

ಇದಕ್ಕೆ ದಾರಿ ಇಲ್ಲದಿಲ್ಲ. ಆಸ್ಟ್ರೇಲಿಯಾದಲ್ಲಿ ಅರೆವೃತ್ತಿಪರ ಪುರುಷ ತಂಡಗಳ ಮೇಲೆ ಒಂದು ಸಣ್ಣ ಬದಲಾವಣೆ ಮಾಡಿ ನೋಡಿದರು. ಇಲೆವೆನ್ ಪ್ಲಸ್‌ನ ನಡುವಿನ ಹತ್ತು ನಿಮಿಷದ ಬಲದ ಭಾಗವನ್ನು ತರಬೇತಿಯ ಕೊನೆಗೆ ಸರಿಸಿದರು. ಗ್ರೌಂಡಿಗೆ ಬಂದವರಿಗೆ ಬೇಗ ಚೆಂಡು ಸಿಕ್ಕಿತು, ಬಲದ ವ್ಯಾಯಾಮವನ್ನು ತಪ್ಪಿಸುವುದು ಕಡಿಮೆಯಾಯಿತು, ಗಂಭೀರ ಗಾಯಗಳೂ ಇಳಿದವು. ಹೊಸ ವ್ಯಾಯಾಮ ಯಾವುದೂ ಇಲ್ಲ, ಹೊತ್ತು ಬದಲಾಯಿತು ಅಷ್ಟೇ. ನೈಜೀರಿಯಾದ ಲಾಗೋಸ್‌ನಲ್ಲಿ ಹುಡುಗರ ಲೀಗಿನಲ್ಲೂ ಇಲೆವೆನ್ ಪ್ಲಸ್ ಗಾಯಗಳನ್ನು ಸುಮಾರು 40% ಇಳಿಸಿತು. ಸ್ಕ್ಯಾಂಡಿನೇವಿಯಾದ ಹುಲ್ಲು, ಅಲ್ಲಿನ ದುಡ್ಡು ಇದ್ದರೆ ಮಾತ್ರ ಆಗುವ ಕೆಲಸ ಇದು ಅನ್ನುವವರಿಗೆ ಲಾಗೋಸ್ ಒಳ್ಳೆಯ ಉತ್ತರ.

ಹಾಗಾದರೆ ಆರ್ಸೆನಲ್‌ನಲ್ಲಿ ಆದದ್ದೇನು? ಅಲ್ಲಿ ಫಿಸಿಯೋ ಇದ್ದಾರೆ, ಜಿಮ್ ಇದೆ, ಡಾಕ್ಟರ್ ಇದ್ದಾರೆ. ವಾರ್ಮ್‌ಅಪ್ ತಪ್ಪಿಸುವವರು ಯಾರೂ ಇಲ್ಲ. ಆದರೂ ನಾಲ್ಕು ಮಂಡಿ ಹೋದವು.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಇಡಬೇಕು. ಮೇಲೆ ಹೇಳಿದ ಅಂಕಿಗಳಲ್ಲಿ ಹೆಚ್ಚಿನವು ಬಂದದ್ದು ಹದಿಹರೆಯದ, ಹವ್ಯಾಸಿ ಆಟಗಾರರಿಂದ. ವೃತ್ತಿಪರ ಮಹಿಳೆಯರ ಮೇಲೆ ಅಷ್ಟು ದೊಡ್ಡ ಪರೀಕ್ಷೆ ನಡೆದಿಲ್ಲ. ಜೊತೆಗೆ ವಯಸ್ಸಿನ ಮಾತಿದೆ. 2013ರಲ್ಲಿ ಗ್ರೆಗ್ ಮೈಯರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಇಂಥ ತರಬೇತಿಯಿಂದ 18ರ ಒಳಗಿನ ಆಟಗಾರ್ತಿಯರಲ್ಲಿ ಎಸಿಎಲ್ ಅಪಾಯ 72% ಇಳಿದಿತ್ತು. 18 ದಾಟಿದವರಲ್ಲಿ ಬರೀ 16%. ಎಳೆ ವಯಸ್ಸಿನಲ್ಲಿ ಮೈ ಕಲಿಯುವಷ್ಟು ಬೇಗ ಆಮೇಲೆ ಕಲಿಯುವುದಿಲ್ಲ. ಇಂದು 27, 28ರ ವಯಸ್ಸಿನಲ್ಲಿ ವಿಶ್ವಕಪ್ ಆಡುವವರ ಪೈಕಿ ಬಹಳ ಮಂದಿ ಹದಿಮೂರರಲ್ಲಿ ಸರಿಯಾದ ತರಬೇತಿ ಸಿಗದೇ ಬೆಳೆದವರು. ಮಹಿಳಾ ಫುಟ್‌ಬಾಲ್‌ಗೆ ಹಣ ಬಂದದ್ದೇ ಈಚೆಗೆ. ಮೇಲಿನ ಮಹಡಿಗೆ ಬಂದ ಹಣ ಅಕಾಡೆಮಿಯ ಹುಡುಗಿಯರಿಗೆ ಇಳಿಯುವುದು ಇನ್ನೂ ನಿಧಾನ.

ಇನ್ನೊಂದು, ಆಟದ ಹೊರೆ. ಪ್ರತಿಭೆಯ ಹುಡುಗಿಯೇ ಹೆಚ್ಚು ಅಪಾಯದಲ್ಲಿರುವುದು ಇದರಿಂದ. ಶಾಲಾ ತಂಡ, ಕ್ಲಬ್, ರಾಜ್ಯ, ವಯೋಮಿತಿಯ ರಾಷ್ಟ್ರೀಯ ತಂಡ, ಮೇಲಿನ ವಯಸ್ಸಿನ ತಂಡ, ಎಲ್ಲ ಕಡೆಯೂ ಅವಳೇ ಬೇಕು. ದಕ್ಷಿಣ ಕೊರಿಯಾದ ಕೇಸಿ ಫೇರ್ 2023ರಲ್ಲಿ 16 ತುಂಬಿದ ತಿಂಗಳೊಳಗೆ ಹಿರಿಯರ ವಿಶ್ವಕಪ್‌ನಲ್ಲಿ ಆಡಿದಳು. ಹೊಗಳಬೇಕಾದ ವಿಷಯವೇ. ಆದರೆ ಇಂಥ ಹುಡುಗಿ ವಾರಕ್ಕೆ ಒಟ್ಟು ಎಷ್ಟು ನಿಮಿಷ ಆಡುತ್ತಾಳೆ ಎಂದು ನಾಲ್ಕು ಕೋಚ್‌ಗಳಲ್ಲಿ ಯಾರು ಲೆಕ್ಕ ಇಡುತ್ತಾರೆ? ಹದಿನೈದು ನಿಮಿಷದ ವಾರ್ಮ್‌ಅಪ್ ದಣಿದ ಕಾಲನ್ನು ಕಾಯಲಾರದು.

ಬೂಟಿನ ಮಾತನ್ನೂ ಹೇಳಬೇಕು. ಯುರೋಪಿನ ಕ್ಲಬ್‌ಗಳ ಸಂಘ 2023ರಲ್ಲಿ ದೊಡ್ಡ ಕ್ಲಬ್‌ಗಳ ಆಟಗಾರ್ತಿಯರನ್ನು ಕೇಳಿದಾಗ 82% ಮಂದಿ ಬೂಟಿನಿಂದ ನೋವು, ಕಿರಿಕಿರಿ ಇದೆ ಅಂದರು. ಮಾರುಕಟ್ಟೆಯ ಹೆಚ್ಚಿನ ಬೂಟುಗಳು ಗಂಡಸರ ಪಾದಕ್ಕೆ ಅಚ್ಚು ಹಾಕಿದವು. ಇದರಿಂದಲೇ ಎಸಿಎಲ್ ಹರಿಯುತ್ತದೆ ಎಂದು ಹೇಳುವಷ್ಟು ಪುರಾವೆ ಇಲ್ಲ, ಆದರೆ ವೃತ್ತಿಪರ ಆಟಗಾರ್ತಿಗೆ ಹಿಡಿಸುವ ಬೂಟು ಸಿಗಲು ಪುರಾವೆ ಯಾಕೆ ಬೇಕು? ಮುಟ್ಟಿನ ಚಕ್ರದ ಬಗ್ಗೆಯೂ ಮಾತು ಜಾಸ್ತಿ, ಗಟ್ಟಿ ಉತ್ತರ ಕಡಿಮೆ. ಚೆಲ್ಸಿ 2020ರಲ್ಲೇ ಆಟಗಾರ್ತಿಯರ ಚಕ್ರ ನೋಡಿಕೊಂಡು ತರಬೇತಿ ಹೊಂದಿಸಲು ಶುರು ಮಾಡಿತ್ತು. ಅವರು ಚೆನ್ನಾಗಿರಲಿ ಎಂಬ ಉದ್ದೇಶಕ್ಕೆ ಅದು ಒಳ್ಳೆಯದೇ. ಎಸಿಎಲ್ ತಡೆಯಲು ಇಂತಿಂಥ ದಿನ ಆಡಬೇಡಿ ಅನ್ನುವ ಮಟ್ಟಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ.

2024ರಲ್ಲಿ ಆಟಗಾರರ ಜಾಗತಿಕ ಸಂಘ ಫಿಫ್‌ಪ್ರೊ, ಇಂಗ್ಲೆಂಡಿನ ಆಟಗಾರರ ಸಂಘ, ನೈಕಿ ಮತ್ತು ಲೀಡ್ಸ್ ಬೆಕೆಟ್ ವಿಶ್ವವಿದ್ಯಾಲಯ ಸೇರಿ 'ಪ್ರಾಜೆಕ್ಟ್ ಎಸಿಎಲ್' ಶುರು ಮಾಡಿದವು. ಮೂರು ವರ್ಷದ ಕೆಲಸ. ಇಂಗ್ಲೆಂಡಿನ ವುಮೆನ್ಸ್ ಸೂಪರ್ ಲೀಗ್ ಕ್ಲಬ್‌ಗಳಲ್ಲಿ ಏನು ಸೌಲಭ್ಯ ಇದೆ, ಪ್ರಯಾಣ ಎಷ್ಟು, ಪಂದ್ಯಗಳ ನಡುವೆ ಬಿಡುವು ಎಷ್ಟು ಎಂದು ನೋಡುವುದು ಅದರ ಉದ್ದೇಶ. ಆಟಗಾರ್ತಿಯ ಮೈಯನ್ನಷ್ಟೇ ಅಳೆಯದೆ ಅವಳ ಕೆಲಸದ ಜಾಗವನ್ನೂ ಅಳೆಯುತ್ತಿದ್ದಾರೆ ಎಂಬುದೇ ನನಗೆ ಇದರಲ್ಲಿ ಇಷ್ಟವಾದ ಅಂಶ.

ಗಾಯ ಆದ ಮೇಲಿನ ಕಥೆಯೂ ತಡೆಗಟ್ಟುವಿಕೆಗೆ ಸೇರಿದ್ದೇ, ಏಕೆಂದರೆ ಒಮ್ಮೆ ಹರಿದ ಮಂಡಿ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ. 25ರ ಒಳಗಿನವರು ಸರ್ಜರಿ ಆಗಿ ಆಟಕ್ಕೆ ಮರಳಿದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದೇ ಮಂಡಿಯೋ ಇನ್ನೊಂದು ಮಂಡಿಯೋ ಮತ್ತೆ ಹೋಗುತ್ತದೆ. 2016ರ ಒಂದು ಅಧ್ಯಯನದ ಪ್ರಕಾರ ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯುತ್ತಿತ್ತು. ಆರನೇ ತಿಂಗಳಿಗೇ ಟೂರ್ನಿ ಇದೆ, ಆಡಿಬಿಡು ಅನ್ನುವವರು ಇದನ್ನು ನೆನಪಿಡಬೇಕು. ಸ್ವೀಡನ್ನಿನ ಇನ್ನೊಂದು ಅಧ್ಯಯನ ಇನ್ನೂ ಕಹಿ. ಎಸಿಎಲ್ ಹರಿದ ಮಹಿಳಾ ಫುಟ್‌ಬಾಲ್ ಆಟಗಾರರನ್ನು ಹನ್ನೆರಡು ವರ್ಷದ ಮೇಲೆ ಕರೆದು ಎಕ್ಸ್‌ರೇ ತೆಗೆದಾಗ ಅರ್ಧದಷ್ಟು ಮಂದಿಯ ಮಂಡಿ ಸವೆದಿತ್ತು. ಅವರ ಸರಾಸರಿ ವಯಸ್ಸು 31. ನಮ್ಮ ಅಜ್ಜಿಯಂದಿರ ಮಂಡಿನೋವು ಮೂವತ್ತೊಂದಕ್ಕೆ. ಮರಳಿ ಮೇಲೆದ್ದವರೂ ಇದ್ದಾರೆ, ಸುಳ್ಳಲ್ಲ. ಸ್ಪೇನಿನ ಸಲ್ಮಾ ಪರಯುವೇಲೊ ಹದಿಹರೆಯದಲ್ಲೇ ಎಸಿಎಲ್ ಹರಿದುಕೊಂಡು, 2023ರ ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎರಡರಲ್ಲೂ ಗೋಲು ಹೊಡೆದಳು. ಅವಳ ಬೆನ್ನಿಗೆ ದೊಡ್ಡ ಕ್ಲಬ್ ಇತ್ತು.

ನಮ್ಮಲ್ಲಿ? ಭಾರತ 2022ರಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ನಡೆಸಿತು. 2025ರ ಜುಲೈನಲ್ಲಿ ಹಿರಿಯರ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್ ಫೈನಲ್ ತಲುಪಿತ್ತು. ಆ ವರ್ಷ ಇಡೀ ಲೀಗ್ ನಡೆದದ್ದು ಅಹಮದಾಬಾದ್ ಒಂದರಲ್ಲೇ, ಏಪ್ರಿಲ್-ಮೇ ಬಿಸಿಲಲ್ಲಿ, ಒಂದು ತಿಂಗಳೊಳಗೆ. ಮುಂದಿನ ಸೀಸನ್ನಿನಿಂದ ತವರಿನಲ್ಲಿ ಒಂದು, ಹೊರಗೆ ಒಂದು ಪಂದ್ಯ ಆಡುವ ಪದ್ಧತಿ ಬಂತು. ಗಾಯ ತಡೆಯುವ ದೃಷ್ಟಿಯಿಂದ ಆ ಒಂದು ನಿರ್ಧಾರ ಹತ್ತು ವರ್ಕ್‌ಶಾಪ್‌ಗಳಿಗಿಂತ ದೊಡ್ಡದು ಎಂದು ನನ್ನ ಲೆಕ್ಕ. ಶಾಲಾ ಮಟ್ಟದಲ್ಲಿ ಇನ್ನೂ ಹಳೆಯ ಚಾಳಿಯೇ. ವರ್ಷವೆಲ್ಲ ಪಂದ್ಯ ಇರುವುದಿಲ್ಲ, ಟೂರ್ನಿ ಬಂದರೆ ದಿನಕ್ಕೊಂದು.

ಕೋಚ್‌ಗೆ ತನ್ನ ಕಣ್ಣಾರೆ ಫಲ ಕಾಣದ ಕೆಲಸವನ್ನು ಅವನ ಒಳ್ಳೆಯತನಕ್ಕೆ ಬಿಟ್ಟರೆ ನಡೆಯುವುದಿಲ್ಲ. ಲೈಸೆನ್ಸ್ ಕೊಡುವವರು ಕೇಳಬೇಕು, ಟೂರ್ನಿ ನಡೆಸುವವರು ಪಂದ್ಯದ ಮೊದಲು ಗ್ರೌಂಡ್ ಬಿಟ್ಟುಕೊಡಬೇಕು. ಅದೆಲ್ಲ ಆಗುವ ತನಕ ಅಪ್ಪ ಅಮ್ಮಂದಿರು ಕೇಳಬಹುದು. ಮಗಳನ್ನು ಅಕಾಡೆಮಿಗೆ ಸೇರಿಸುವಾಗ ಫೀಸು, ವ್ಯಾನು, ಕೋಚ್ ಎಲ್ಲಿ ಆಡಿದ್ದ ಅಂತೆಲ್ಲ ವಿಚಾರಿಸುತ್ತೇವೆ. ಜೊತೆಗೆ ಒಂದು ಸಂಜೆ ಬೇಗ ಹೋಗಿ ವಾರ್ಮ್‌ಅಪ್ ನೋಡಿ. ಗ್ರೌಂಡಿಗೆ ಎರಡು ಸುತ್ತು ಓಡಿಸಿ, ಕಾಲು ಚಾಚಿಸಿ, ಚೆಂಡು ಎಸೆದರೆ ಅಲ್ಲಿ ಇದು ನಡೆಯುತ್ತಿಲ್ಲ. ಹುಡುಗಿಯರು ಹಾರಿ ಇಳಿಯುತ್ತಿದ್ದು, ಕೋಚ್ ಎದುರಿಗೆ ನಿಂತು ಅವರ ಮಂಡಿಯನ್ನೇ ನೋಡುತ್ತಾ "ಒಳಗೆ ಬಿಡಬೇಡ, ಮೆತ್ತಗೆ ಇಳಿ" ಅನ್ನುತ್ತಿದ್ದರೆ ಧೈರ್ಯವಾಗಿ ಸೇರಿಸಿ.